ಹಳೇ ಬಾಗಿಲ ಮೇಲಿನ ಶ್ರೀರಂಗಪಟ್ಟಣ

ನಮ್ಮ ಚಿಕ್ಕಪ್ಪ ಇಪ್ಪತ್ತನಾಲ್ಕು ವರ್ಷ ಮಿಲಿಟರಿಯಲ್ಲಿದ್ದರು. ಅದರಲ್ಲಿ ಹೆಚ್ಚು ಕಾಲ ಕಳೆದದ್ದು ಅಧಿಕಾರಿಗಳಿಗೆ ಯುದ್ಧ ಕಲಿಸುವ ಒಂದು ಶಾಲೆಯಲ್ಲಿ. ನೆಲದ ಮೇಲೆ ಮರಳು ಹರಡಿ, ಗುಡ್ಡ, ಹೊಳೆ, ರಸ್ತೆ ಮಾಡಿ, ಬಣ್ಣದ ಪುಡಿ ಉದುರಿಸಿ ಕೊಡುವುದು ಅವರ ಕೆಲಸ. ಅಧಿಕಾರಿಗಳು ಸುತ್ತ ನಿಂತು, ಕೋಲು ತೋರಿಸಿಕೊಂಡು ಆ ಮರಳಿನ ಮೇಲೆ ಯುದ್ಧ ಮಾಡುತ್ತಿದ್ದರು. ಮುಗಿದ ಮೇಲೆ ಚಿಕ್ಕಪ್ಪ ಮರಳನ್ನು ಮಟ್ಟ ಮಾಡಬೇಕು. ಒಂದು ಸಲ ಯಾರೂ ಇಲ್ಲದಾಗ, ಒಂದು ಪಡೆಯ ಗುರುತಿನ ಪುಟ್ಟ ಬಾವುಟ ಗುಡ್ಡದ ಮೇಲಲ್ಲ, ಗುಡ್ಡದ ಹಿಂದೆ ಇರಬೇಕು ಅನ್ನಿಸಿ ಒಂದು ಗೇಣು ಸರಿಸಿದರಂತೆ. ಅದಕ್ಕೆ ವಾರವೆಲ್ಲ ಬೈಸಿಕೊಂಡರಂತೆ.

"ಯಾವ ಕಡೆ ಗೆಲ್ತದೆ ಅಂತ ನಂಗೆ ಮೊದ್ಲೇ ಗೊತ್ತಾಗೋದು ಕಣ್ಲಾ. ಕೇಳೋರೇ ಇರ್ಲಿಲ್ಲ. ಒಂದು ಸಲ ನಾನೂ ಒಂದು ಕಡೆ ಹಿಡಿದು ಆಡ್ಬೇಕು ಅನ್ಸೋದು" ಅಂದರು.

ಅವರು ಇದನ್ನು ಹೇಳಿದ್ದು ನನ್ನ ಯುದ್ಧಕ್ಕೆ ಮರಳು ಜರಡಿ ಹಿಡಿಯುತ್ತಾ. ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಗಿ ಇನ್ನೂರು ವರ್ಷ ತುಂಬುತ್ತಿದ್ದ ಬೇಸಿಗೆ ಅದು. ನಾನು ತುರುವೇಕೆರೆಯ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುತ್ತಿದ್ದೆ. ನಮ್ಮ ಮನೆಯಲ್ಲಿ ಹೆಸರಿನ ಮುಂದೆ ಬಿ.ಎ. ಹಾಕಿಕೊಂಡವರಲ್ಲಿ ನಾನೇ ಮೊದಲಿಗ. ಅಪ್ಪ ಬೇರೆಯವರ ತೋಟದ ಕಾಯಿ ಸುಲಿದು ಓದಿಸಿದ್ದು, ಅದಕ್ಕೇ ಆ ಎರಡಕ್ಷರದ ಬಗ್ಗೆ ನನಗೆ ಬಹಳ ಹೆಮ್ಮೆ, ಈಗಲೂ ಇದೆ. ತಿಪಟೂರಿನಲ್ಲಿ ಓದುವಾಗ ಲೈಬ್ರರಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತ್ತು. ಮೇಜಿನ ಮೇಲೆ ಗೊಂಬೆ ಸೈನಿಕರನ್ನು ನಿಲ್ಲಿಸಿ, ಹಳೇ ಕಾಲದ ಯುದ್ಧಗಳನ್ನು ಮತ್ತೆ ಆಡುವುದು ಹೇಗೆ ಅಂತ ಹೇಳುವ ಪುಸ್ತಕ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು, ಒಂದು ತಿಂಗಳು ಕೂತು, ನಿಯಮಗಳನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿದ್ದೆ. ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ. ಅಂಗಾತ ಬಿದ್ದ ಒಂದೊಂದು ಕವಡೆಗೂ ಎದುರಿನವರ ಒಬ್ಬ ಸೈನಿಕ ಹೋದ ಅಂತ ಲೆಕ್ಕ.

ರಜೆ ಶುರುವಾದ ವಾರ, ದಂಡಿನಶಿವರದ ಹತ್ತಿರ ನಮ್ಮೂರಿನಲ್ಲಿ, ಚಿಕ್ಕಪ್ಪನ ಮನೆಯ ಕೊಬ್ಬರಿ ಅಟ್ಟದ ಕೆಳಗೆ ಎರಡು ಬೆಂಚು ಹಾಕಿ, ಕಳಚಿಟ್ಟಿದ್ದ ಹಳೇ ಬಾಗಿಲನ್ನು ಅದರ ಮೇಲೆ ಮಲಗಿಸಿದೆವು. ಚಿಕ್ಕಪ್ಪ ಎರಡು ದಿನದಲ್ಲಿ ಅದರ ಮೇಲೆ ದ್ವೀಪ ಎಬ್ಬಿಸಿದರು. ಕೆರೆ ಜೇಡಿಯಲ್ಲಿ ಕೋಟೆ, ನೀಲಿ ರಂಗೋಲಿ ಪುಡಿಯಲ್ಲಿ ಕಾವೇರಿ, ಬೇಸಿಗೆಯ ಕಾವೇರಿ ಅಂತ ನಡುವೆ ಬಂಡೆಗಳು. ಇಂಗ್ಲಿಷರ ಫಿರಂಗಿಗೆ ಗೋಡೆ ಒಡೆದ ಜಾಗದಲ್ಲಿ ಮಣ್ಣು ಜರಿದದ್ದು ಕೂಡ ಜರಿದ ಹಾಗೇ ಇತ್ತು. ಹೆಬ್ಬೆರಳುದ್ದದ ಮಣ್ಣಿನ ಸೈನಿಕರನ್ನು ಮಾಡಿದ್ದು ನಾನು. ತೆಂಗಿನ ಚಿಪ್ಪಿನ ಚೂರಿನ ಮೇಲೆ ಅಂಟಿಸಿ, ಇಂಗ್ಲಿಷರಿಗೆ ಕೆಮ್ಮಣ್ಣು, ಕೋಟೆಯವರಿಗೆ ಸುಣ್ಣ ಬಳಿದಿದ್ದೆ. ಒಂದೊಂದು ಕಡೆಗೂ ಇಪ್ಪತ್ತು ಜನ.

ಭಾನುವಾರ ನಮ್ಮ ಸ್ಕೂಲಿನ ಗಣಿತದ ಮೇಷ್ಟ್ರು ಸೈಕಲ್ಲಿನಲ್ಲಿ ಬಂದರು. ಅಟ್ಟದಲ್ಲಿ ಇಲಿ ಓಡಿ ಒಣಗಿದ ಕಾಯಿ ದಡದಡ ಉರುಳಿದಾಗ, "ಫಿರಂಗಿ ಬೇರೆ ಬೇಡ ಬಿಡಿ ಸಾರ್" ಅಂದರು. ಅವರು ಇಂಗ್ಲಿಷರಾದರು, ನಾನು ಕೋಟೆ ಹಿಡಿದೆ. ಎರಡು ಸಲ ಆಡಿದೆವು, ಎರಡು ಸಲವೂ ಕೋಟೆ ಬಿತ್ತು. ನಿಯಮ ಬರೆದದ್ದೇ ಹಾಗೆ. ನಿಜವಾಗಿ ಆದಂತೆ ದಾಳಿ ಉರಿಬಿಸಿಲಿನ ಮಧ್ಯಾಹ್ನ. ಕೋಟೆಯವರು ಊಟಕ್ಕೆ ಹೋಗಿರುತ್ತಾರೆ, ಆ ಹೊತ್ತಿನಲ್ಲಿ ಅವರಿಗೆ ನಾಲ್ಕರ ಬದಲು ಒಂದೇ ಕವಡೆ. ಸೋತರೂ ಚರಿತ್ರೆ ಸರಿಯಾಗಿ ಬಂತಲ್ಲ ಅಂತ ನನಗೆ ಖುಷಿ. ಚಿಕ್ಕಪ್ಪ ಒಂದು ಕಡ್ಡಿ ಹಿಡಿದು ಆ ಹಳೇ ಬಾಗಿಲ ಪಕ್ಕ ನಿಂತೇ ಇದ್ದರು.

"ಚಿಕ್ಕಪ್ಪ, ಹೊಳೆ ಕಲಸಿಹೋಯ್ತು. ಸ್ವಲ್ಪ ಸರಿ ಮಾಡು" ಅಂದೆ.

ಅವರು ಬಗ್ಗಿದರು. ಟೀ ತಂದ ಚಿಕ್ಕಮ್ಮ ತಟ್ಟೆ ಕೆಳಗಿಡದೆ ಹಾಗೇ ನಿಂತುಕೊಂಡಳು.

"ಅಲ್ಲ ಕಣಪ್ಪ, ಮಿಲಿಟರೀಲೂ ಇವರೇ ಮರಳು ಹಾಸಿದ್ದು, ಇಲ್ಲೂ ಇವರೇ. ಓದಿದೋರೆಲ್ಲ ಒಂದೇ ಬುಡು."

"ಸುಮ್ಕಿರೇ" ಅಂದರು ಚಿಕ್ಕಪ್ಪ, ತಲೆ ಎತ್ತದೆ.

ಜರಡಿ ಹಿಡಿಯುವಾಗ ಚಿಕ್ಕಪ್ಪ ಆಡಿದ ಮಾತು ಆಗ ತಲೆಗೆ ಬಂತು. ಮೇಷ್ಟ್ರಿಗೂ ಏನೋ ಅರ್ಥವಾಯಿತು. "ನಾನು ತೀರ್ಪು ಹೇಳ್ತೀನಿ ಸಾರ್, ಯಜಮಾನ್ರು ಆಡ್ಲಿ" ಅಂತ ಪಕ್ಕಕ್ಕೆ ಸರಿದರು.

"ಯಾವ ಕಡೆ ಬೇಕು ಚಿಕ್ಕಪ್ಪ?"

ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು. "ಕೋಟೆ" ಅಂದರು.

ಒಂದೊಂದು ಗೊಂಬೆಯನ್ನೂ ಎತ್ತಿ, ನೋಡಿ, ಇಟ್ಟು, ಮತ್ತೆ ಎತ್ತಿ ಇಟ್ಟರು. ಅಷ್ಟು ಹೊತ್ತು ಮಾಡಿದರೂ ಮೇಷ್ಟ್ರು ನಗಲಿಲ್ಲ. ಕೆಂಪಿನವರನ್ನು ಹೊಳೆ ದಡದಲ್ಲಿ ನಿಲ್ಲಿಸಿ ನಾನು ಆಟದ ಮಧ್ಯಾಹ್ನಕ್ಕೆ ಕಾದೆ.

"ನನ್ನ ಜನ ಉಣ್ಣಕ್ಕೆ ಹೋಗ್ಲೇಬೇಕೇನ್ಲಾ?"

"ಪುಸ್ತಕದಲ್ಲಿ ಹಂಗೇ ಐತೆ, ಚಿಕ್ಕಪ್ಪ."

"ಹೋಗ್ಲಿ ಬುಡು. ಎರಡು ಪಂಕ್ತಿ." ಹತ್ತು ಜನರನ್ನು ಮಾತ್ರ ಎತ್ತಿ ಹಿಂದೆ ಸಾಲಾಗಿ ಕೂರಿಸಿದರು. ಇನ್ನು ಹತ್ತು ಜನ ಒಡೆದ ಗೋಡೆಯ ಬಾಯಲ್ಲೇ ಉಳಿದರು. "ಮದುವೆ ಮನೇಲಿ ಎಲ್ಲರೂ ಒಟ್ಟಿಗೆ ಕೂತ್ರೆ ಬಡಿಸೋರ್ಯಾರು?"

"ಅಂಥ ನಿಯಮ ಇಲ್ಲ" ಅಂದೆ. ಅದು ಬಿ.ಎ. ಮಾಡಿದವನ ದನಿ.

ಮೇಷ್ಟ್ರು ನನ್ನ ನೋಟ್‌ಬುಕ್ಕನ್ನು ಮೊದಲಿಂದ ಕೊನೆತನಕ ತಿರುವಿದರು. "ಕೂಡದು ಅಂತಾನೂ ಬರೆದಿಲ್ಲ ಸಾರ್. ಅರ್ಧ ಜನ ನಿಂತಿದ್ದಾರೆ, ಎರಡು ಕವಡೆ ಕೊಡಿ."

ನಾನು ಹೊಳೆಗೆ ಇಳಿದೆ. ಎರಡೇ ಕವಡೆಯಲ್ಲಿ ಅವರು ನನ್ನನ್ನು ಬಂಡೆಗಳ ನಡುವೆಯೇ ತಡೆದು ಹಿಡಿದರು. ಅವರ ಕಡೆಯೂ ಐದು ಜನ ಬಿದ್ದರು. ಅಷ್ಟರಲ್ಲಿ ಉಂಡೆದ್ದ ಪಂಕ್ತಿಯನ್ನು ಮುಂದಕ್ಕೆ ತಂದರು.

"ಈಗ ಎರಡನೇ ಪಂಕ್ತಿ ಊಟಕ್ಕೆ ಹೋಗ್ಬೇಕಲ್ಲ ಯಜಮಾನ್ರೇ?" ಅಂದರು ಮೇಷ್ಟ್ರು.

"ಕಾಯ್ತಾರೆ. ಗೆದ್ಮೇಲೆ ನಾನೇ ನಿಂತು ಬಡಿಸ್ತೀನಿ."

ಆಮೇಲೆ ಅವರ ಕೈಗೆ ನಾಲ್ಕೂ ಕವಡೆ ಬಂತು. ನನ್ನ ಕೆಂಪಿನವರಲ್ಲಿ ಆರು ಜನ ಉಳಿದಾಗ ದಡಕ್ಕೆ ವಾಪಸ್ ಬಂದೆ. ಗೋಡೆಯ ಬಾಯನ್ನು ನನ್ನ ಒಬ್ಬ ಸೈನಿಕನೂ ಮುಟ್ಟಿರಲಿಲ್ಲ.

ಚಿಕ್ಕಪ್ಪ ನಗಲೂ ಇಲ್ಲ, ಬೀಗಲೂ ಇಲ್ಲ. ಬಿದ್ದಿದ್ದ ನನ್ನ ಗೊಂಬೆಗಳನ್ನು ಹೆಕ್ಕಿ ನನ್ನ ಕೈಗೆ ಕೊಟ್ಟರು. ಕೋಟೆಯೊಳಗೆ ಉಳಿದಿದ್ದ ತಮ್ಮವರನ್ನು ಹಿಂದಕ್ಕೆ ಒಯ್ದು, ಹೇಳಿದ ಹಾಗೇ ಸಾಲಾಗಿ ಊಟಕ್ಕೆ ಕೂರಿಸಿದರು. ಚಿಕ್ಕಮ್ಮ ಅಡುಗೆಮನೆ ಬಾಗಿಲಿಂದ ನೋಡುತ್ತಿದ್ದಳು.

ಮರಳು ಮಟ್ಟ ಮಾಡುವ ಹಲಗೆ ಅವರ ಕಾಲ ಬಳಿಯೇ ಇತ್ತು. ಅಭ್ಯಾಸಬಲದಿಂದ ಅದನ್ನು ಎತ್ತಿಕೊಂಡವರು, ಮತ್ತೆ ಗೋಡೆಗೆ ಒರಗಿಸಿಟ್ಟರು.

"ಇವತ್ತು ಹಂಗೇ ಇರ್ಲಿ" ಅಂದರು. ಹೊರಗೆ ಹೋಗಿ ಕಾಲು ತೊಳೆದು ಬಂದು, ಆಮೇಲೆ ನನಗೆ ಹೇಳಿದರು: "ನಾಳೆ ಇನ್ನೊಂದಾಟ ಆಡಾಣ. ಹೊಳೆ ನೀನು ಮಾಡು."