ಫೋಟೋ ಅಕ್ಕನ ವಾರ್ಷಿಕ ಸಭೆ ಮತ್ತು ಮಾವನ ರಾಜೀನಾಮೆ

ಬೀದಿಯ ಜನಕ್ಕೆಲ್ಲ ಅವಳು ಫೋಟೋ ಅಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಹೊಲಿಗೆ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ ಸಿಕ್ಕಿಕೊಂಡಿದ್ದ ಅವಳ ಸ್ಟುಡಿಯೋ ಎಷ್ಟು ಕಿರಿದೆಂದರೆ, ದೊಡ್ಡ ಕುಟುಂಬವೊಂದು ಬಂದರೆ ಅವರನ್ನು ಒಳಗೆ ನಿಲ್ಲಿಸಿ ಅವಳು ಹೊರಗೆ ಮೆಟ್ಟಿಲ ಮೇಲಿಂದ ಕ್ಲಿಕ್ಕಿಸಬೇಕಿತ್ತು.

ಇಂಥ ಸ್ಟುಡಿಯೋದಲ್ಲೂ ವರ್ಷಕ್ಕೊಮ್ಮೆ ಸಭೆ ನಡೆಯುತ್ತಿತ್ತು. ಯಾವುದೋ ತರಬೇತಿಗೆ ಹೋಗಿ ಬಂದಾಗಿನಿಂದ ಅವಳಿಗೆ ಈ ಹುಚ್ಚು ಅಂಟಿತ್ತು. ವರ್ಷದ ಕೊನೆಗೆ ಕೂತು ಯಾವ ಕೆಲಸ ಬೇಕು, ಯಾವುದು ಬೇಡ ಎಂದು ತೀರ್ಮಾನಿಸಿದವರೇ ಮುಂದೆ ಬರುತ್ತಾರೆ ಎಂದು ಅಲ್ಲಿ ಟೈ ಕಟ್ಟಿದವನೊಬ್ಬ ಹೇಳಿದ್ದನಂತೆ. ಸರಿ, ಶಟರ್ ಅರ್ಧ ಇಳಿಸಿ, ಗಿರಾಕಿಗಳ ಕುರ್ಚಿಯಲ್ಲಿ ಗಂಡನನ್ನು ಕೂರಿಸಿ ಸಭೆ ಶುರುಮಾಡುತ್ತಿದ್ದಳು. ಗಂಡ ಪ್ರಿಂಟು ಕತ್ತರಿಸಿ ಆಲ್ಬಂ ಅಂಟಿಸುವ ಸಾಧು ಮನುಷ್ಯ. "ಆಯ್ತು" ಎಂಬ ಒಂದೇ ಮಾತನ್ನು ಅವನಷ್ಟು ಬಗೆಬಗೆಯಾಗಿ ಹೇಳಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಒಂದು ವರ್ಷ ಇನ್ನು ಮೇಲೆ ಕಪ್ಪು-ಬಿಳುಪು ಫೋಟೋ ಮಾತ್ರ ಎಂದು ನಿರ್ಧಾರವಾಯಿತು. ಅದಕ್ಕೂ ಅವನು ಆಯ್ತು ಅಂದ. "ಬಣ್ಣ ಖಾಲಿ ಆಯ್ತಾ ಅಕ್ಕ?" ಎಂದು ಜನ ಮರುಕದಿಂದ ವಿಚಾರಿಸತೊಡಗಿದ ಮೇಲೆ ಆ ನಿರ್ಧಾರ ವಾರದೊಳಗೇ ನೆಲಕಚ್ಚಿತು. ಅದಕ್ಕೂ ಆಯ್ತು.

ಈ ವರ್ಷದ ಸಭೆಯ ಮುಂದಿದ್ದ ದೊಡ್ಡ ವಿಷಯ, ಮಾವ.

ಮಾವ ಎಂದರೆ ಗಂಡನ ಅಪ್ಪ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆ ಸ್ಟುಡಿಯೋದ ಮೇಲೇ ಇತ್ತು. ಬೆಳಗ್ಗೆ ತಿಂಡಿ ಮುಗಿಸಿದ್ದೇ ಇಳಿದು ಬಂದು ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು ಕೂತುಬಿಡುತ್ತಿದ್ದರು. ಬಂದವರಿಗೆಲ್ಲ "ಒಳಗೆ ಹೋಗಿ, ಒಳಗೆ ಹೋಗಿ, ಜಾಗ ಇದೆ!" ಎಂಬ ಸ್ವಾಗತ. ಮಗು ಬಂದರಂತೂ ಮುಗಿಯಿತು. "ಸಾರ್, ಟಿಕೆಟ್ ತಗೊಂಡ್ರಾ?" ಎಂದು ಗದರುವರು, ಬಾಯಲ್ಲೇ ಸೀಟಿ ಊದುವರು, ಬಸ್ಸು ಗುಂಡಿಗೆ ಬಿದ್ದಂತೆ ಕುಲುಕಾಡುವರು. ಮಗು ಕೇಕೆ ಹಾಕಿ ನಗುತ್ತಿತ್ತು. ತೊಂದರೆ ಏನೆಂದರೆ, ಪಕ್ಕದಲ್ಲಿ ಪಾಸ್‌ಪೋರ್ಟ್ ಫೋಟೋಗೆ ಮುಖ ಬಿಗಿದು ಕೂತವರೂ ನಗುತ್ತಿದ್ದರು. ಹಾಗೆ ಹಲ್ಲು ಕಿರಿದ ಫೋಟೋಗಳು ಕಚೇರಿಯಿಂದ ವಾಪಸ್ಸು ಬರುತ್ತಿದ್ದವು.

"ಮಗುವಿನ ಒಂದು ಫೋಟೋಗೆ ಅರ್ಧ ದಿನ ಹೋಗುತ್ತೆ ಕಣ್ರೀ," ಎಂದಳು ಅವಳು ಸಭೆಯಲ್ಲಿ. "ಈ ವರ್ಷದಿಂದ ಅಂಗಡಿಗಳ ಸಾಮಾನಿನ ಫೋಟೋ ಜಾಸ್ತಿ ಮಾಡೋಣ. ಚಪ್ಪಲಿ ಅಳಲ್ಲ, ಬಾಟಲಿ ಓಡಿಹೋಗಲ್ಲ. ಮಕ್ಕಳು ಬಂದ್ರೆ ಬೇಗ ಬೇಗ ತೆಗೆದು ಕಳಿಸೋದು. ಮತ್ತೆ ಮಾವನಿಗೆ ಸ್ವಲ್ಪ ವಿಶ್ರಾಂತಿ ಕೊಡೋಣ."

"ಆಯ್ತು," ಎಂದ ಗಂಡ, ಈ ಸಲ ಬಾಗಿಲ ಕಡೆ ನೋಡುತ್ತಾ.

ಅರ್ಧ ಇಳಿದ ಶಟರಿನ ಕೆಳಗೆ ಎರಡು ಪಾದಗಳು ಕಂಡವು. ಮಾವ ಬಗ್ಗಿ ಒಳಗೆ ಬಂದರು. "ರಾಜೀನಾಮೆ ಕೊಡೋಕೆ ನಾನು ಕೆಲಸಕ್ಕೇ ಸೇರಿಲ್ವಲ್ಲಮ್ಮ," ಎಂದರು. "ಆದ್ರೂ ಕೊಟ್ಟಿದೀನಿ, ಇಟ್ಕೋ." ಸ್ಟೂಲನ್ನು ಎತ್ತಿಕೊಂಡು ರಾಜಗಾಂಭೀರ್ಯದಿಂದ ಮೆಟ್ಟಿಲು ಹತ್ತಿದರು.

ಹೊಸ ವರ್ಷದ ಯೋಜನೆ ಜಾರಿಗೆ ಬಂತು. ಮೊದಲು ಚಪ್ಪಲಿ ಅಂಗಡಿಯವನು ಬಂದ. ಚಪ್ಪಲಿ ಅಳಲಿಲ್ಲ, ನಿಜ. ಅದರ ಮಾಲೀಕ ಅತ್ತ. "ಅಕ್ಕ, ಎಡಗಾಲಿಂದು ಸ್ವಲ್ಪ ಸಪ್ಪೆ ಕಾಣ್ತಿದೆ ಅಲ್ವಾ?" ಎಂದು ಒಂದೇ ಜೋಡಿಯ ಫೋಟೋ ಮತ್ತೆ ಮತ್ತೆ ತೆಗೆಸಿದ. ಸಪ್ಪೆ ಚಪ್ಪಲಿ ಹೇಗಿರುತ್ತದೆ, ಖುಷಿಯಾದ ಚಪ್ಪಲಿ ಹೇಗಿರುತ್ತದೆ ಎಂದು ಅವಳಿಗೆ ಕೊನೆಗೂ ಬಗೆಹರಿಯಲಿಲ್ಲ.

ಮಕ್ಕಳ ಕಥೆ ಇನ್ನೂ ಕಷ್ಟವಾಯಿತು. ಬಂದ ತಾಯಂದಿರೆಲ್ಲ ಒಳಗೆ ಕಾಲಿಡುವ ಮೊದಲೇ ಕೇಳುತ್ತಿದ್ದರು, "ಕಂಡಕ್ಟರ್ ತಾತ ಇಲ್ವಾ?"

"ಅವರು ರೆಸ್ಟ್ ತಗೋತಿದಾರೆ."

"ಓ... ಹಾಗಾದ್ರೆ ಇನ್ನೊಂದಿನ ಬರ್ತೀವಿ ಬಿಡಿ."

ಹಾಗೆ ಹೋದವರನ್ನು ನೋಡುತ್ತಾ ನಿಂತಾಗ ಅವಳಿಗೆ ಜ್ಞಾನೋದಯವಾಯಿತು. ತಾನು ಹೊಸದಾಗಿ ತಂದ ದೀಪಗಳಿಗೆ ಮನಸೋತು ಜನ ಬರುತ್ತಿದ್ದಾರೆ ಎಂದು ಹಿಂದಿನ ಸಭೆಯಲ್ಲಿ ಬೀಗಿದ್ದಳು. ಅವರು ಬರುತ್ತಿದ್ದದ್ದು ಬಾಗಿಲಲ್ಲಿ ಕೂತಿದ್ದ ಮಾವನನ್ನು ನೋಡಿ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ದಿನ ಮಾವ ಊಟಕ್ಕೆ ಬಿಟ್ಟರೆ ಬಾಯೇ ತೆರೆದಿಲ್ಲವಲ್ಲ ಎಂದು ಕೆಡುಕೆನಿಸಿತು.

ಮೇಲೆ ಹೋದಳು. ಮಾವ ಕಿಟಕಿ ಬಳಿ ಅದೇ ಸ್ಟೂಲಿನ ಮೇಲೆ ಕೂತು, ಕೆಳಗೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು.

"ಮಾವ, ಕೆಳಗೆ ಬನ್ನಿ."

"ನಿವೃತ್ತಿ ಆದವರನ್ನ ಸುಮ್ಸುಮ್ನೆ ಕರೆಯೋಕಾಗಲ್ಲಮ್ಮ. ಆರ್ಡರ್ ಬೇಕು."

"ನನ್ನದು ತಪ್ಪಾಯ್ತು ಮಾವ. ಇದೇ ಆರ್ಡರು."

ಮಾವನ ಮುಖ ಅರಳಿತು. ಅರಳಿದ್ದನ್ನು ತೋರಿಸಬಾರದೆಂದು ಕೆಮ್ಮಿದರು. "ಒಂದು ಷರತ್ತಿದೆ. ಇನ್ಮೇಲೆ ಸಭೆಗೆ ನನ್ನನ್ನೂ ಸೇರಿಸ್ಕೋಬೇಕು. ನನ್ನ ವಿಷಯ ನಾನು ಶಟರಿನ ಸಂದಿಯಿಂದ ಕೇಳಿಸ್ಕೊಳ್ಳೋದು ಅಂದ್ರೇನು?"

ಅವಳು ಒಪ್ಪಿದಳು. ಅಂದೇ ಸಂಜೆ ಬೀಗ ರಿಪೇರಿಯವನು ತನ್ನ ಮೊಮ್ಮಗಳನ್ನು ಎತ್ತಿಕೊಂಡು ಬಂದ. ಮಾವ ಕೈ ಉಜ್ಜಿಕೊಂಡು ಎದ್ದರು. ಗದರಿದರು, ಸೀಟಿ ಊದಿದರು, ಕುಲುಕಾಡಿದರು. ಮಗು ಅವರನ್ನೇ ದಿಟ್ಟಿಸಿ ನೋಡಿ, ತುಟಿ ಮುಂದೆ ಮಾಡಿ, ಬೀದಿ ಕಿತ್ತುಹೋಗುವಂತೆ ಅಳಲು ಶುರುಮಾಡಿತು. ಮಾವ ಎತ್ತಿದ ಕೈ ಎತ್ತಿದಂತೆಯೇ ಪೆಚ್ಚಾಗಿ ನಿಂತರು. ಸರ್ವಿಸ್ಸಿನಲ್ಲೇ ಇಂಥ ಅವಮಾನ ಆಗಿರಲಿಲ್ಲ.

ಆ ಮುಖ ನೋಡಿ ಫೋಟೋ ಅಕ್ಕನಿಗೆ ನಗು ಒತ್ತರಿಸಿ ಬಂತು. ತಡೆಯಲು ಹೋದಳು, ಆಗಲಿಲ್ಲ. ಕ್ಯಾಮೆರಾ ವಾಲುವ ಹಾಗೆ ನಕ್ಕಳು. ಸ್ಟುಡಿಯೋದಲ್ಲಿ ಅವಳು ಹಾಗೆ ನಕ್ಕದ್ದನ್ನು ಗಂಡನೂ ಕಂಡಿರಲಿಲ್ಲ. ಕೆಲಸದ ವೇಳೆ ಅವಳ ಮುಖ ಯಾವತ್ತೂ ಪಾಸ್‌ಪೋರ್ಟ್ ಫೋಟೋದಂತೆಯೇ ಇರುತ್ತಿತ್ತು. ಮಗು ಅಳು ನಿಲ್ಲಿಸಿ ಈ ಹೆಂಗಸನ್ನು ನೋಡಿತು. ಆಮೇಲೆ ತಾನೂ ಹಲ್ಲಿಲ್ಲದ ಬಾಯಿ ತೆರೆದು ನಕ್ಕಿತು. ಅವಳು ಕಣ್ಣೊರೆಸಿಕೊಳ್ಳುತ್ತಲೇ ಬಟನ್ ಒತ್ತಿದಳು. ಫೋಟೋ ಕೊಂಚ ವಾರೆಯಾಗಿ ಬಂದಿತ್ತು. ಬೀಗದವನು ಅದನ್ನೇ ದೊಡ್ಡದು ಮಾಡಿಸಿಕೊಂಡು ಹೋದ.

"ಮಗುಗೆ ನಿದ್ದೆ ಬಂದಿತ್ತು, ಅದಕ್ಕೇ ಅತ್ತಿದ್ದು," ಎಂದು ಮಾವ ರಾತ್ರಿ ಊಟದ ತನಕ ಸಮಜಾಯಿಷಿ ಕೊಡುತ್ತಿದ್ದರು.

ಮುಂದಿನ ವರ್ಷದ ಸಭೆಗೆ ಮೂವರೂ ಕೂತರು. ಬೆಳಗಿನ ಹೊತ್ತು ಗಂಭೀರ ಮುಖಗಳಿಗೆ, ಮಧ್ಯಾಹ್ನದ ಮೇಲೆ ಮಕ್ಕಳಿಗೆ ಎಂದು ನಿರ್ಧಾರವಾಯಿತು. ಚಪ್ಪಲಿಯವನನ್ನು ಬಿಡುವುದೋ ಬೇಡವೋ ಎಂಬ ಚರ್ಚೆ ಕಾವೇರುತ್ತಿದ್ದಾಗ ಯಾರೋ ಅವಸರದ ಫೋಟೋ ಬೇಕೆಂದು ಶಟರ್ ತಟ್ಟಿದರು. ಅವಳು ಎದ್ದು ಹೋಗಿ, ಬಂದವರನ್ನು ಕೂರಿಸಿ, ಫೋಟೋ ತೆಗೆದು ಕಳಿಸಿ ಬರುವಷ್ಟರಲ್ಲಿ ಅಪ್ಪ-ಮಗ ಸೇರಿ ಭಾನುವಾರ ಮಧ್ಯಾಹ್ನ ಸ್ಟುಡಿಯೋಗೆ ರಜೆ ಎಂದು ಠರಾವು ಪಾಸು ಮಾಡಿಬಿಟ್ಟಿದ್ದರು.

"ನಾನಿಲ್ಲದೇ ಹೇಗ್ರೀ ಪಾಸಾಯ್ತು?" ಎಂದಳು.

"ಬಹುಮತ," ಎಂದರು ಮಾವ.

ಗಂಡ ಆಲ್ಬಮ್ಮಿಗೆ ಅಂಟು ಹಚ್ಚುತ್ತಿದ್ದ. ಅವಳು ಇಬ್ಬರನ್ನೂ ಒಮ್ಮೆ ದುರುಗುಟ್ಟಿ ನೋಡಿದಳು, ಕುರ್ಚಿ ಎಳೆದು ಕೂತಳು, ಬಿಗಿದ ಚಪ್ಪಲಿ ಕಳಚಿ ಕಾಲು ಚಾಚಿದಳು. ಭಾನುವಾರ ಮಧ್ಯಾಹ್ನ ನಿದ್ದೆ ಮಾಡಿ ಎಷ್ಟು ವರ್ಷವಾಯಿತೋ ಅವಳಿಗೇ ನೆನಪಿರಲಿಲ್ಲ.

"ಆಯ್ತು," ಎಂದಳು.