ಫೋಟೋದಲ್ಲಿ ಕಾಣುವ ಅರ್ಧ

ನಮ್ಮಣ್ಣ ಸೋಫಾ ರಿಪೇರಿ ಮಾಡುತ್ತಾನೆ. ಮಾಡುತ್ತಾನೆ ಅಂದರೆ, ಮೊದಲು ಮಾಡುತ್ತಿದ್ದ. ಫೋನಿನಲ್ಲಿ ದಿನಕ್ಕೊಂದು ಪೋಸ್ಟ್ ಹಾಕಿದರೆ ಗಿರಾಕಿಗಳು ತಾವಾಗಿಯೇ ಬರುತ್ತಾರೆಂದು ಯಾರೋ ತಲೆಗೆ ತುಂಬಿದ ಮೇಲೆ ಅವನಿಗೆ ಸೂಜಿ ಹಿಡಿಯಲು ಪುರುಸೊತ್ತೇ ಇಲ್ಲ. ಅಂಗಡಿಯ ಗೋಡೆಗೆ ಬಾಗಿಲಷ್ಟು ದೊಡ್ಡ ವೇಳಾಪಟ್ಟಿ ಅಂಟಿಸಿದ್ದಾನೆ. ಬೆಳಿಗ್ಗೆ ಪೋಸ್ಟ್ ಬರೆಯುವುದು, ಮಧ್ಯಾಹ್ನ ಫೋಟೋ ತೆಗೆಯುವುದು, ಸಂಜೆ ಎಷ್ಟು ಜನ ನೋಡಿದರೆಂದು ನೋಡುತ್ತಾ ಕೂರುವುದು. ಹೊಲಿಗೆಗೆ ಅದರಲ್ಲಿ ಜಾಗವೇ ಇಲ್ಲ.

ಪಕ್ಕದ ಮಳಿಗೆಯಲ್ಲಿ ಬಟ್ಟೆ ಹೊಲಿಯುವ ನನಗೆ ಅವನ ಗಿರಾಕಿಗಳನ್ನು ಸಮಾಧಾನ ಮಾಡಿ ಮಾಡಿ ಸಾಕಾಗಿದೆ. "ಅಣ್ಣಾ, ಮೊದ್ಲು ಕೈಯಲ್ಲಿರೋ ಕೆಲ್ಸ ಮುಗಿಸೋ" ಅಂದರೆ, "ನಿಂಗೆ ಪ್ಲಾನಿಂಗ್ ಅಂದ್ರೆ ಏನೂಂತ ಗೊತ್ತಿಲ್ಲ, ಸುಮ್ನಿರು" ಅನ್ನುತ್ತಾನೆ.

ನಿನ್ನೆ ಒಬ್ಬ ಟೀಚರಮ್ಮ ಟೆಂಪೋ ಮಾಡಿಕೊಂಡು ನಗುನಗುತ್ತಾ ಬಂದರು. "ನಮ್ಮ ಸೋಫಾನ ಫೋನಲ್ಲಿ ನೋಡ್ದೆ ಕಣ್ರೀ. ಹೊಸದರ ಹಾಗೇ ಇದೆ! ತಗೊಂಡು ಹೋಗೋಣ ಅಂತ ಬಂದೆ."

ಅಣ್ಣ ಬಾಯಿ ತೆರೆಯುವಷ್ಟರಲ್ಲಿ ಅವರೇ ಸೋಫಾದ ಮೇಲೆ ಮುಚ್ಚಿದ್ದ ಹೊದಿಕೆ ಸರಿಸಿದರು. ಎಡಗಡೆ ಹೊಸ ಬಟ್ಟೆ ಫಳಫಳ ಹೊಳೆಯುತ್ತಿತ್ತು. ಬಲಗಡೆ ಅದೇ ಹಳೇ ಹರಕಲು, ನಾರೆಲ್ಲ ಹೊರಗೆ ಬಂದಿತ್ತು. ಫೋಟೋದಲ್ಲಿ ಕಾಣುವಷ್ಟನ್ನು ಮಾತ್ರ ಮುಗಿಸಿದ್ದ, ಪುಣ್ಯಾತ್ಮ!

ನಾನು ಹಣೆ ಚಚ್ಚಿಕೊಂಡೆ. ಟೀಚರಮ್ಮನ ನಗು ಎಲ್ಲಿ ಹೋಯಿತೋ. "ಇನ್ನರ್ಧ ಯಾವಾಗ್ರೀ?"

ಅಣ್ಣ ಗೋಡೆಯ ಪಟ್ಟಿಯ ಮೇಲೆ ಬೆರಳಾಡಿಸಿ, ಒಂಚೂರೂ ನಾಚಿಕೆಯಿಲ್ಲದೆ ಹೇಳಿದ: "ಬಲಗಡೇದನ್ನ ಮುಂದಿನ ತಿಂಗಳ ಪೋಸ್ಟಿಗೆ ಇಟ್ಟಿದೀನಿ, ಮೇಡಂ."