ಎಡಚಿಯ ಬಲಗೈ

ಆ ಬೀದಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಡಚಿ ಅಂದರೆ ಎಡಚಿ, ಅಷ್ಟೇ. ಕಟುಕನ ಮಗಳು, ಕಟುಕನ ಹೆಂಡತಿ. ಹುಟ್ಟಿದ ಮನೆಯಲ್ಲೂ ಹಸಿ ಮಾಂಸದ ವಾಸನೆ, ಸೇರಿದ ಮನೆಯಲ್ಲೂ ಅದೇ. ಬದಲಾದದ್ದು ಹೊಡೆಯುವವರು ಮಾತ್ರ.

ಅಂಬೆಗಾಲಿಡುವಾಗಲೇ ಅವಳು ಏನು ಕಂಡರೂ ಎಡಗೈ ಚಾಚುತ್ತಿದ್ದಳಂತೆ. ಅವಳಮ್ಮ ಆ ಕೈಯನ್ನು ಹಳೇ ಬಟ್ಟೆಯ ಪಟ್ಟಿಯಿಂದ ಸೊಂಟಕ್ಕೆ ಕಟ್ಟಿದಳು. ಕಟ್ಟು ಬಿಚ್ಚುವುದೇ ತಡ, ಬಿಲದಿಂದ ಇಲಿ ಮೂತಿ ತೂರಿಸಿದ ಹಾಗೆ ಕೈ ಮತ್ತೆ ಮುಂದೆ ಬರುತ್ತಿತ್ತು. ಅಪ್ಪ ಚಾಕುವಿನ ಬೆನ್ನಿನಿಂದ ಬೆರಳ ಗೆಣ್ಣುಗಳ ಮೇಲೆ ಕುಟ್ಟಿದ. ಶಾಲೆಯಲ್ಲಿ ಮೇಷ್ಟ್ರು ಅಡಿಕೋಲಿನ ಅಂಚಿನಿಂದ ಕುಟ್ಟಿದರು. ಹೀಗೆ ಎಲ್ಲರೂ ಸೇರಿ ಬಲಗೈಗೆ ಉಣ್ಣುವುದನ್ನು ಕಲಿಸಿದರು, ಬರೆಯುವುದನ್ನು ಕಲಿಸಿದರು. ಚಾಕು ಹಿಡಿಯುವುದನ್ನು ಕಲಿಸಲು ಮಾತ್ರ ಯಾರಿಂದಲೂ ಆಗಲಿಲ್ಲ.

ಅಪ್ಪ ಒಮ್ಮೆ ಹಟ ಹಿಡಿದು, ಕುರಿಯ ಚರ್ಮವನ್ನು ಬಲಗೈಯಲ್ಲೇ ಬಿಡಿಸು ಎಂದು ಕೂರಿಸಿದ. ಚಾಕು ಚರ್ಮ ಬಿಟ್ಟು ಅವಳ ತೊಡೆಗೆ ಇಳಿಯಿತು. ಕುರಿಯ ರಕ್ತ ಯಾವುದು, ಹುಡುಗಿಯದು ಯಾವುದು ಎಂದು ಗೊತ್ತಾಗದ ಹಾಗೆ ನೆಲ ಕೆಂಪಾಯಿತು. ಅಪ್ಪ ಗಾಯಕ್ಕೆ ಬಟ್ಟೆ ಬಿಗಿದು ಹಣೆ ಚಚ್ಚಿಕೊಂಡ. "ಹಾಳಾಗಿ ಹೋಗು, ಯಾವ ಕೈಲಾದ್ರೂ ಕೊಯ್ಯಿ. ನಿನ್ನನ್ನೇ ಕೊಯ್ಕೋಬೇಡ."

ಅಂದಿನಿಂದ ಆ ಎಡಗೈಗೆ ಚಾಕು ಸಿಕ್ಕಿತು. ಬಟ್ಟೆಯಿಂದ ದಾರ ಎಳೆದಷ್ಟು ಸಲೀಸಾಗಿ ಅವಳು ಮಾಂಸದಿಂದ ಮೂಳೆ ಎಳೆಯುತ್ತಿದ್ದಳು. ಆ ಕೆಲಸ ಕಂಡೇ ಇನ್ನೊಬ್ಬ ಕಟುಕನ ಮನೆಯವರು ಬಂದು ಹೆಣ್ಣು ಕೇಳಿದರು. ಕೆಲಸ ಬೇಕಾಗಿತ್ತು, ಕೈ ಬೇಡವಾಗಿತ್ತು. ಗಿರಾಕಿಗಳು ಎಡಗೈ ಸೋಕಿದ ಮಾಂಸ ಮುಟ್ಟುವುದಿಲ್ಲ ಎಂದು ಅತ್ತೆ ಅಂಗಡಿಯ ನಡುವೆ ಒಂದು ಪರದೆ ಕಟ್ಟಿದಳು. ಹಿಂದೆ ಎಡಚಿ ಕೊಯ್ಯುವುದು, ಮುಂದೆ ಗಂಡ ತೂಗುವುದು. "ನಿನ್ನ ಕೈ ಅಂದ್ರೆ ಕೈ ಕಣಯ್ಯ!" ಎಂದು ಗಿರಾಕಿಗಳು ಹೊಗಳಿದರೆ ಗಂಡ ಮೀಸೆ ತಿರುವುತ್ತಿದ್ದ. ಪರದೆಯ ಹಿಂದೆ ಎಡಚಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಆಗಿನ್ನೂ ಅವಳಲ್ಲಿ ನಗು ಉಳಿದಿತ್ತು.

ಮೂಳೆ ಬಿಡಿಸುವ ಚಾಕುವಿಗೆ ಒಂದೇ ಮಗ್ಗುಲಲ್ಲಿ ಸಾಣೆ ಹಿಡಿಯುತ್ತಾರೆ. ಬಲಗೈಯವರಿಗೆ ಒಂದು ಮಗ್ಗುಲು, ಎಡಗೈಯವರಿಗೆ ಅದರ ವಿರುದ್ಧ ಮಗ್ಗುಲು. ನೋಡಲು ಎರಡೂ ಒಂದೇ, ಆದರೆ ಒಬ್ಬರದು ಇನ್ನೊಬ್ಬರ ಕೈಯಲ್ಲಿ ಮೂಳೆಗೆ ಅಂಟಿ ಸಾಗುವುದಿಲ್ಲ, ಜಾರುತ್ತದೆ. ಗಿರಾಕಿಗಳು ಮುಗಿಬಿದ್ದಿದ್ದ ಒಂದು ಬೆಳಿಗ್ಗೆ ಗಂಡ ಪರದೆಯೊಳಗೆ ಕೈ ಹಾಕಿ, ಸಿಕ್ಕಿದ ಚಾಕು ಎತ್ತಿಕೊಂಡ. ಅದು ಅವಳದು. ಒಂದೇ ಎಳೆತಕ್ಕೆ ಚಾಕು ಜಾರಿತು. ಅವನ ಎಡ ಹೆಬ್ಬೆರಳಿನ ತುದಿ ಹಾರಿ ತಕ್ಕಡಿಯಲ್ಲಿ ಬಿತ್ತು.

"ನನ್ನ ಕೊಲ್ಲೋಕೆ ಇಟ್ಟಿದ್ದೇನೇ ಇದನ್ನ?"

"ನೀವೇ ತಗೊಂಡಿದ್ದಲ್ವೇನ್ರೀ—"

ಮಾತು ಮುಗಿಯಲಿಲ್ಲ. ಚಾಕು ಮಸೆಯುವ ಕಬ್ಬಿಣದ ಸರಳು ಅವನ ಕೈಗೆ ಸಿಕ್ಕಿತ್ತು. ಮರದ ದಿಮ್ಮಿಯ ಮೇಲೆ ಅವಳ ಎಡಗೈ ಒತ್ತಿ ಹಿಡಿದು, ಮಣಿಕಟ್ಟು ಲಟ್ಟೆನ್ನುವವರೆಗೆ ಹೊಡೆದ. ಗಿರಾಕಿಗಳು ನೋಡುತ್ತಿದ್ದರು. ಒಬ್ಬ ಮಾತ್ರ, "ಸಾಕು ಬಿಡಯ್ಯ, ನಂಗೆ ಹೊತ್ತಾಯ್ತು" ಅಂದ.

ಮೂಳೆ ಕೂರಿಸುವವನು ಬಂದು ಬಿದಿರಿನ ಸೀಳು ಇಟ್ಟು ಕೈಗೆ ಪಟ್ಟಿ ಸುತ್ತಿದ. ಅವಳು ಅಳಲಿಲ್ಲ. ಅವಳ ಹೆದರಿಕೆ ಬೇರೆಯೇ ಆಗಿತ್ತು. ಪುಟ್ಟಿ, ಅವಳ ಒಬ್ಬಳೇ ಮಗಳು, ಅವಳದೇ ಅಚ್ಚು. ಗಂಡನೋ ಅತ್ತೆಯೋ ಎದುರಿಗಿದ್ದಾಗಲೆಲ್ಲ ಆ ಮಗುವಿನ ಎಡಗೈಗೆ ಗೊಂಬೆ ಕೊಟ್ಟು, "ಇದನ್ನ ಬಿಡಬೇಡ, ಬಿಟ್ರೆ ಅಳುತ್ತೆ" ಎಂದು ಹೇಳಿ, ಬಲಗೈಯಲ್ಲೇ ಎಲ್ಲ ಮಾಡಿಸಿ ಇಷ್ಟು ದಿನ ಮುಚ್ಚಿಟ್ಟಿದ್ದಳು. ಈಗ ಎಡಚಿ ಮಲಗಿದ್ದಳು, ಗೊಂಬೆ ಮೂಲೆಯಲ್ಲಿತ್ತು. ಪುಟ್ಟಿ ಇದ್ದಿಲು ಹಿಡಿದು ಗೋಡೆಯ ಮೇಲೆ ದೊಡ್ಡದೊಂದು ಹಸು ಬರೆಯುತ್ತಿದ್ದಳು. ಅತ್ತೆ ಅದನ್ನು ನೋಡಿದಳು.

"ಬಾರೋ ಇಲ್ಲಿ, ನಿನ್ನ ಮಗಳನ್ನ ನೋಡು! ಇದಕ್ಕೂ ಅದೇ ಕೈ."

ಗಂಡ ನೋಡಿದ. ಬಟ್ಟೆ ಸುತ್ತಿದ ತನ್ನ ಹೆಬ್ಬೆರಳನ್ನೂ ನೋಡಿಕೊಂಡ. ಒಲೆಯ ಮೇಲೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು.

"ಒಂದ್ಸಲ ಅದ್ದಿ ತೆಗಿ," ಅಂದಳು ಅತ್ತೆ. "ಆಮೇಲೆ ಆ ಕೈ ಮೂಲೆ ಸೇರುತ್ತೆ."

"ಅತ್ತೇ, ಅದು ಮಗು!"

"ನಾನು ಮಗು ಆಗಿರ್ಲಿಲ್ವೇನೇ?" ಅತ್ತೆ ತನ್ನ ಎಡಗೈಯನ್ನು ಮುಂದೆ ಚಾಚಿದಳು. ಬೆರಳುಗಳು ಒಂದಕ್ಕೊಂದು ಅಂಟಿ ಮೇಣದ ಹಾಗೆ ಹೊಳೆಯುತ್ತಿದ್ದವು. "ಒಲೆಗೆ ಬಿದ್ದೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ. ಬಿದ್ದಿದ್ದಲ್ಲ, ನಮ್ಮಪ್ಪ ಅದ್ದಿದ್ದು. ನಾನೇನು ಸತ್ತೋದ್ನಾ? ಸಂಸಾರ ಮಾಡ್ಲಿಲ್ವಾ?"

ಗಂಡ ಮಗುವನ್ನು ಕಂಕುಳಲ್ಲಿ ಅವುಚಿ, ಅದರ ಎಡ ಮುಂಗೈ ಹಿಡಿದು ಹಂಡೆಯ ಕಡೆ ಎಳೆದ. ಆವಿ ಮುಖಕ್ಕೆ ಹೊಡೆದು ಪುಟ್ಟಿ ಕಿರುಚಿದಳು. ಅಡುಗೆಮನೆಗೂ ಅಂಗಡಿಗೂ ನಡುವಿನ ಬಾಗಿಲಲ್ಲೇ ಮೂಳೆ ಕಡಿಯುವ ಮಚ್ಚು ತೂಗುಹಾಕಿತ್ತು. ಎಡಚಿ ಎದ್ದಳು. ಎಡಗೈ ಪಟ್ಟಿಯೊಳಗಿತ್ತು. ಬಲಗೈ ಮಚ್ಚು ಹಿಡಿಯಿತು.

ಇಲ್ಲೊಂದು ಮಾತು ಹೇಳಿಬಿಡಬೇಕು. ಅವಳು ಗುರಿಯಿಟ್ಟದ್ದು ಅವನ ಕಿವಿಯ ಪಕ್ಕದ ಮರದ ಕಂಬಕ್ಕೆ. ಹೆದರಿಸಬೇಕು, ಅವನು ಕೈ ಬಿಡಬೇಕು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಎಡಗೈಯಾಗಿದ್ದರೆ ಕೂದಲೆಳೆಯಷ್ಟು ಜಾಗ ಬಿಟ್ಟು ಮಚ್ಚು ಕಂಬದಲ್ಲಿ ನಾಟುತ್ತಿತ್ತು. ಆದರೆ ಬೀಸಿದ್ದು ಬಲಗೈ. ಅದಕ್ಕೆ ಅಳತೆ ಗೊತ್ತಿರಲಿಲ್ಲ. ಮಚ್ಚು ಕಂಬ ಬಿಟ್ಟು ಅವನ ಬಲ ಭುಜಕ್ಕೆ ಇಳಿದು, ಮೂಳೆಗೆ ಕಚ್ಚಿ ನಿಂತಿತು.

ಮಗು ಕೆಳಗೆ ಬಿತ್ತು. ಅವನು ತೂರಾಡಿದ ರಭಸಕ್ಕೆ ಹಂಡೆ ಅವನ ಕಡೆಗೇ ಮಗುಚಿಕೊಂಡು ಕುದಿನೀರು ಅವನ ಪಾದಗಳ ಮೇಲೆ ಹರಿಯಿತು. ಎಡಚಿ ಮಗುವನ್ನು ಎಳೆದುಕೊಂಡು ಅದರ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಎಲ್ಲ ಇದ್ದವು. ಆಮೇಲಷ್ಟೇ ಗಂಡನ ಕೂಗು ಅವಳ ಕಿವಿಗೆ ಬಿತ್ತು.

ಆಸ್ಪತ್ರೆಗೆ ಪೊಲೀಸಿನವನು ಬಂದ. "ನಾನೇ ಹೊಡೆದೆ" ಅಂದಳು ಎಡಚಿ. ಜೊತೆಗೆ ಬಂದಿದ್ದ ಪಕ್ಕದಂಗಡಿಯ ಬೀಗ ರಿಪೇರಿಯವನಿಗೆ ನಗು ತಡೆಯಲಾಗಲಿಲ್ಲ. "ಸಾರ್, ಇವಳು ಬಲಗೈಲಿ ಒಂದು ಈರುಳ್ಳಿ ಹೆಚ್ಚಿದ್ದನ್ನ ಯಾರೂ ನೋಡಿಲ್ಲ. ಎಡಗೈ ನೋಡಿ, ಪಟ್ಟೀಲಿದೆ. ಪಾಪ, ಗಂಡನ ಸಂಕಟಕ್ಕೆ ಏನೇನೋ ಆಡ್ತಾಳೆ." ಹೆಂಡತಿ ಕೈಯಲ್ಲಿ ಏಟು ತಿಂದೆ ಎನ್ನಲು ಗಂಡನ ಮೀಸೆ ಒಪ್ಪಲಿಲ್ಲ. ಮಚ್ಚು ತಾನಾಗಿ ಬಿತ್ತು ಅಂದ. ಪೊಲೀಸಿನವನು ಅತ್ತೆಯನ್ನೂ ಕೇಳಿದ. ಅವಳು ಅಂಟಿದ ಬೆರಳುಗಳನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು, "ಬಿತ್ತು" ಅಂದಳು.

ಎಲ್ಲರೂ ಹೋದ ಮೇಲೆ ಎಡಚಿ ಗಂಡನ ಹಾಸಿಗೆಯತ್ತ ಬಗ್ಗಿದಳು.

"ಇದು ಬಲಗೈ ಕಣ್ರೀ, ಗುರಿ ತಪ್ತು. ಎಡಗೈ ಮೂಳೆ ಕೂಡ್ತಾ ಇದೆ. ಅದು ತಪ್ಪೋದಿಲ್ಲ."

ಅವನು ಮನೆಗೆ ಬಂದಾಗ ಬಲಗೈ ಭುಜದಿಂದ ಜೋತುಬಿದ್ದಿತ್ತು. ಅಂಗಡಿ ಅವಳದಾಯಿತು, ಪರದೆ ನೆಲ ಒರೆಸುವ ಬಟ್ಟೆಯಾಯಿತು. ಪುಟ್ಟಿಯ ಮೇಲೆ ಆ ಮನೆಯಲ್ಲಿ ಇನ್ನು ಯಾರೂ ಕೈ ಎತ್ತಲಿಲ್ಲ.

ಆದರೆ ಪುಟ್ಟಿ ಎಡಗೈ ಎತ್ತುವುದನ್ನೇ ಬಿಟ್ಟಳು. ಬಿಸಿ ನೀರು ಸೋಕದೇ ಇದ್ದರೂ ಆ ಕೈ ಮೂಲೆ ಸೇರಿತು. ಉಣ್ಣುವುದು ಬಲಗೈ, ಬರೆಯುವುದು ಬಲಗೈ, ಎಡಗೈ ಸದಾ ತೊಡೆಯ ಕೆಳಗೆ. ಎಡಚಿ ಬೇಡಿದಳು, ಮುದ್ದಿಸಿದಳು, ಇದ್ದಿಲು ತಂದು ಆ ಅಂಗೈಯಲ್ಲಿಟ್ಟಳು. ಮಗು ಅದನ್ನು ಬಲಗೈಗೆ ದಾಟಿಸಿಕೊಂಡಿತು. ಅಷ್ಟು ರಕ್ತ ಹರಿಸಿ ಉಳಿಸಿದ್ದೇನು ಎಂದು ಎಡಚಿ ದಿಮ್ಮಿಯ ಮೇಲೆ ಮಚ್ಚು ಕುಕ್ಕುತ್ತಿದ್ದಳು, ಮಾಂಸವಿಲ್ಲದಾಗಲೂ.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಬೀಗ ರಿಪೇರಿಯವನ ಹೆಂಡತಿ ಮಗನನ್ನು ದರದರ ಎಳೆದುಕೊಂಡು ಬಂದಳು. ಹುಡುಗನ ಹಣೆ ಒಡೆದು ಕಣ್ಣಿನ ಮೇಲೆ ರಕ್ತ ಇಳಿಯುತ್ತಿತ್ತು.

"ನೋಡೇ ನಿನ್ನ ಮಗಳು ಮಾಡಿರೋ ಕೆಲಸಾನ! ಜಡೆ ಎಳೆದ ಅಂತ ಕಲ್ಲಲ್ಲಿ ಹೊಡೆದಿದ್ದಾಳೆ. ಅಷ್ಟು ದೂರದಿಂದ, ಗುರಿಯಿಟ್ಟು!"

ಎಡಚಿ ಮಚ್ಚು ಕೆಳಗಿಟ್ಟಳು.

"ಯಾವ ಕೈಲಿ?"

"ಏನಂದೆ?"

"ಯಾವ ಕೈಲಿ ಹೊಡೆದ್ಲೇ?"

ಹುಡುಗ ಮೂಗು ಸೊರಸೊರ ಎಳೆದುಕೊಳ್ಳುತ್ತಾ ತನ್ನ ಎಡಗೈ ಎತ್ತಿ ತೋರಿಸಿದ. "ಈ ಕೈಲಿ ಅಕ್ಕಾ."

ಎಡಚಿ ದಿಮ್ಮಿಗೆ ಒರಗಿ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕಳು. ಬೀಗ ರಿಪೇರಿಯವನ ಹೆಂಡತಿ, "ತಾಯೀನೂ ಅಂಥೋಳೆ, ಮಗಳೂ ಅಂಥೋಳೆ" ಎಂದು ಬೈಯುತ್ತಲೇ ಇದ್ದಳು. ನಗು ನಿಲ್ಲದೆಯೇ ಎಡಚಿ ಹುಡುಗನನ್ನು ಹತ್ತಿರ ಎಳೆದು ಕೂರಿಸಿಕೊಂಡು, ಶುದ್ಧ ಬಟ್ಟೆ ಹರಿದು ಅವನ ಹಣೆಗೆ ಪಟ್ಟಿ ಕಟ್ಟತೊಡಗಿದಳು.